ಅತ್ತೆಯ ಮೇಲೆ ಕಟ್ಟಿದ ಎರಡನೆಯ ಹಾಡು

ಹಾಡು ಕಟ್ಟುವವರು ಮೊದಲನೆಯ ಹಾಡಿನಲ್ಲೇ ಗೆಲ್ಲಬಾರದು. ಸೋತರೆ ಸುಮ್ಮನೆ ರೊಟ್ಟಿ ಬಡಿದುಕೊಂಡು ಇರಬಹುದು. ಗೆದ್ದರೆ ಎರಡನೆಯದನ್ನು ಕಟ್ಟಬೇಕಾಗುತ್ತದೆ. ನಾನು ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಜಂಪರು ಹೊಲಿಯುತ್ತ ಗುನುಗುತ್ತಿದ್ದ ಒಂದು ಹಾಡನ್ನು ಧೈರ್ಯ ಮಾಡಿ ರೆಕಾರ್ಡ್ ಮಾಡಿಸಿ ಯೂಟ್ಯೂಬಿಗೆ ಬಿಟ್ಟೆ. "ಬೆಲ್ಲದ ಡಬ್ಬಿ ಅಟ್ಟದ ಮ್ಯಾಲ, ಅತ್ತಿ ಕಣ್ಣು ನನ್ನ ಮ್ಯಾಲ" ಎಂದು ಅದರ ಪಲ್ಲವಿ. ಆಗ ಕಬ್ಬಿನ ಹಂಗಾಮು. ನಮ್ಮ ಕಡೆ ಹಾಡು ಗೆದ್ದಿತೋ ಬಿದ್ದಿತೋ ತಿಳಿಯಲು ಫೋನು ನೋಡಬೇಕಾಗಿಲ್ಲ. ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ಏನು ಹಚ್ಚಿಕೊಂಡಿವೆ ಎಂದು ರಸ್ತೆಯ ಬದಿ ನಿಂತು ಕೇಳಿದರೆ ಸಾಕು. ಸವದತ್ತಿಯಿಂದ ರಾಮದುರ್ಗದ ತನಕ ಎಲ್ಲ ಟ್ರ್ಯಾಕ್ಟರಿನಲ್ಲೂ ನಮ್ಮ ಅತ್ತೆಯ ಬೆಲ್ಲದ ಡಬ್ಬಿ!

ಹೌದು, ಹಾಡಿನ ಅತ್ತೆ ನಮ್ಮ ಅತ್ತೆಯೇ. ಅವರು ರೊಟ್ಟಿ ಎಣಿಸುವುದು, ಬೀಗರು ಬಂದಾಗ ತುಪ್ಪದ ಗಿಂಡಿ ಒಳಗೆ ಸೇರಿಸುವುದು, ಸೊಂಟದ ಕೀಲಿಕೈಯನ್ನು ನಿದ್ದೆಯಲ್ಲೂ ಮುಟ್ಟಿ ನೋಡಿಕೊಳ್ಳುವುದು, ಒಂದನ್ನೂ ಬಿಟ್ಟಿರಲಿಲ್ಲ. ನಾವಿರುವ ಸಂಗೊಳ್ಳಿಯಲ್ಲಿ ನಮ್ಮ ಮನೆ ಗೊತ್ತಿಲ್ಲದವರು ಯಾರು? ಅತ್ತೆ ಸೋಮವಾರದ ಭಜನೆಗೆ ಹೋದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳತೊಡಗಿದರು. ಅತ್ತೆ ಭಜನೆಗೆ ಹೋಗುವುದನ್ನೇ ಬಿಟ್ಟರು. ನನಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವ್ವ ಗುಡಿಗಿ ಹೋಗೂದ ಬಿಟ್ಟಾಳ. ನೀನ ಹ್ಯಾಂಗರ ಮಾಡಿ ಸರಿ ಮಾಡು" ಎಂದರು ನಮ್ಮನೆಯವರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನಮ್ಮ ಮನೆಯಲ್ಲಿ ಅದು ಬೆಲ್ಲಕ್ಕೆ ಹೋಗಿತ್ತು. ಹಾಡಿನಿಂದ ಹೋದದ್ದನ್ನು ಹಾಡಿನಿಂದಲೇ ತರುತ್ತೇನೆಂದು ಎರಡನೆಯದನ್ನು ಕಟ್ಟಿದೆ. ತ್ಯಾಗಮೂರ್ತಿ, ಕರುಣಾಮಯಿ, ಮನೆಯ ನಂದಾದೀಪ, ಕೈಗೆ ಸಿಕ್ಕ ಒಳ್ಳೆಯ ಮಾತನ್ನೆಲ್ಲ ಹಾಕಿದೆ. ಕೊಳಲೂ ಊದಿಸಿದೆ. ಪ್ರಾಸ ಎಲ್ಲಿಯೂ ತಪ್ಪಿರಲಿಲ್ಲ.

ಹಾಡು ಬಿಟ್ಟ ಮೇಲೆ ದಿನಾಲೂ ರಸ್ತೆಯ ಬದಿ ನಿಂತೆ. ಒಂದಾದರೂ ಟ್ರ್ಯಾಕ್ಟರು ಅದನ್ನು ಹಚ್ಚಬೇಕಲ್ಲ! ಹಳೆಯ ಬೆಲ್ಲದ ಡಬ್ಬಿಯೇ ಬರುತ್ತಿತ್ತು, ಹೋಗುತ್ತಿತ್ತು. ಕೊನೆಗೆ ನಮ್ಮ ಓಣಿಯ ಡ್ರೈವರ್ ಮೌಲಾಸಾಬರನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟೆ. ಪಾಪ, ಅವರಿಗೂ ಸಂಕೋಚ. "ಹೊಸಾದೂ ಚಲೋ ಐತ್ರಿ ಅಕ್ಕಾರ, ಖರೇನ. ಆದ್ರ ಅದನ್ನ ಹಚ್ಚಿದ್ರ ಯಾರದೋ ಸತ್ಕಾರಕ್ಕ ಬಂದು ಕುಂತಂಗ ಆಕ್ಕೈತ್ರಿ. ನಿದ್ದಿ ಬರತೈತಿ. ಮ್ಯಾಲ ಲೋಡ್ ಬ್ಯಾರೆ ಇರತೈತಿ" ಎಂದರು.

ಊರು ಕೇಳದಿದ್ದರೆ ಬೇಡ, ಯಾರಿಗಾಗಿ ಕಟ್ಟಿದೆನೋ ಅವರಾದರೂ ಕೇಳಲಿ ಎಂದು ಅದೇ ಸಂಜೆ ಅತ್ತೆಯ ಮುಂದೆ ಫೋನು ಇಟ್ಟೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಿ ಪೂರ್ತಿ ಕೇಳಿದರು. ಇನ್ನೇನು ಕಣ್ಣು ಒರೆಸಿಕೊಳ್ಳುತ್ತಾರೆ ಎಂದು ನಾನು ಕಾದೆ.

"ಚಲೋ ಹಾಡೀ," ಎಂದರು. "ಯಾರ ಮ್ಯಾಲ ಕಟ್ಟೀ ಇದನ್ನ?"

"ನಿಮ್ಮ ಮ್ಯಾಲ್ರೀ ಅತ್ತಿ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಇದರಾಗ ನಾ ಎಲ್ಲದೇನಿ? ಮೊದಲನೇದರಾಗ ಬೈಸಿಕೊಂಡಿದ್ರೂ ನಾ ಇದ್ನೆವಾ." ಮತ್ತೆ ಜೋಳಕ್ಕೆ ಕೈ ಹಾಕಿದರು. "ರೊಟ್ಟಿ ಎಣಸತಾಳಂತ ಊರಿಗೆಲ್ಲ ಸಾರಿದಿ. ಯಾಕ ಎಣಸತೇನಿ ಅಂತ ಒಂದಿನರ ಕೇಳೀಯೇನ?"

ನನಗೆ ನಾಚಿಕೆಯಾಯಿತು. ಎರಡೂ ಹಾಡಿನ ಕೆಳಗೆ ರಚನೆ, ಗಾಯನ ಎಂದು ದಪ್ಪ ಅಕ್ಷರದಲ್ಲಿ ಹೆಸರು ಹಾಕಿಸಿಕೊಂಡವಳು, ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಆ ಒಂದು ಮಾತು ಕೇಳಿರಲಿಲ್ಲ. ಹತ್ತಿರ ಸರಿದು ಕೂತು ಕೇಳಿದೆ.

"ಈಗ ಬ್ಯಾಡ," ಎಂದರು ಅತ್ತೆ. "ಮತ್ತ ಟ್ರ್ಯಾಕ್ಟರಿಗೆ ಹಾಕತಿ."