ಹಾರ ಹಾಕಿಸಿಕೊಂಡ ದೊಡ್ಡವ್ವ

ಚಿತ್ರ ಬರೆದು ಮೊಬೈಲಿನಲ್ಲಿ ಹಾಕುವವರ ಬಾಳು ಹೇಗೆಂದರೆ, ನಾವು ಬರೆದದ್ದಕ್ಕಿಂತ ದೊಡ್ಡ ತಮಾಷೆ ಬರೆದಾದ ಮೇಲೆ ನಡೆಯುತ್ತದೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅದೇ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ.

ಹಗಲೆಲ್ಲ ನನಗೆ ಶಹಾಬಾದಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲ ನನ್ನ ಕೈಯಿಂದಲೇ ದಾಟಿ ಹೋಗಬೇಕು. ಸಂಜೆ ಮನೆಗೆ ಬಂದ ಮೇಲೆ ನನ್ನ ಸ್ವಂತ ಕಾಮಿಕ್. ಹೆಸರು ‘ದೊಡ್ಡವ್ವ ಅಂದಳು’. ಪ್ರತಿ ಭಾನುವಾರ ಮುಂಜಾನೆ ನಾಲ್ಕು ಚೌಕದ ಒಂದು ಕಂತು. ಒಬ್ಬ ದೊಡ್ಡವ್ವ, ಆಕೆಯ ಎಮ್ಮೆ, ಮತ್ತೆ ಆಕೆಯ ಬಾಯಿ, ಇಷ್ಟೇ ಬಂಡವಾಳ. ಮೊದಲ ಕಂತಿನಲ್ಲಿ ದೊಡ್ಡವ್ವ ಎಮ್ಮೆಯ ಮೈ ತೊಳೆಯುತ್ತಾ ಅನ್ನುತ್ತಾಳೆ: “ನಿನಗೂ ನಮ್ಮ ಮನಿ ಮಂದಿಗೂ ಫರಕ್ ಇಷ್ಟೇ ನೋಡು, ನೀ ಹಾಲರೆ ಕೊಡ್ತಿ.”

ಈ ದೊಡ್ಡವ್ವ ನಾನು ಹುಟ್ಟಿಸಿದವಳಲ್ಲ, ಇರುವವಳು. ವಾಡಿ ಹತ್ತಿರದ ರಾವೂರಿನಲ್ಲಿದ್ದಾಳೆ, ನನ್ನ ಅವ್ವನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು. ಕಾಮಿಕ್ಕಿನ ಮುಕ್ಕಾಲು ಮಾತು ಆಕೆಯ ಬಾಯಿಂದ ಬಿದ್ದದ್ದು, ನಾನು ಹೆಕ್ಕಿಕೊಂಡದ್ದು. ಆದರೆ ಅದು ಆಕೆಗೆ ಗೊತ್ತಿರಲಿಲ್ಲ. ಆಕೆಯದು ಬಟನ್ ಫೋನು. ಹೇಳಬೇಕೆಂದು ಎಷ್ಟೋ ಸಲ ರಾವೂರಿಗೆ ಹೋಗಿ, ಊಟ ಮಾಡಿ, ಬೈಸಿಕೊಂಡು ವಾಪಸ್ ಬಂದಿದ್ದೇನೆ. ನಾಲ್ಕೂರಿನ ಮಂದಿ ತನ್ನ ಮಾತಿಗೆ ನಗುತ್ತಾರೆ ಅಂತ ತಿಳಿದು ಆಕೆಯ ಮುಖ ಸಣ್ಣದಾದರೆ? ‘ಬಿಟ್ಟುಬಿಡವ್ವ, ಬ್ಯಾಡ’ ಅಂದರೆ? ಆ ಒಂದು ಮಾತು ಬಂದರೆ ಕಾಮಿಕ್ ಅಲ್ಲಿಗೇ ಮುಗಿಯಿತು. ಆಕೆ ಬೇಡ ಅಂದದ್ದನ್ನು ಮಾಡುವ ಶಕ್ತಿ ನನಗಿಲ್ಲ, ಅದನ್ನು ಬಿಟ್ಟು ಬದುಕುವ ಮನಸ್ಸೂ ಇಲ್ಲ.

ಅಸಲಿ ಅಸಲಿನೇ

ಒಮ್ಮೆ ಶಹಾಬಾದಿನಿಂದ ವಾಡಿಗೆ ರೈಲಿನಲ್ಲಿ ಹೊರಟಿದ್ದೆ. ಎದುರು ಸೀಟಿನ ಹೆಂಗಸು ಮೊಬೈಲ್ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಬಗ್ಗಿ ನೋಡಿದರೆ ನನ್ನ ದೊಡ್ಡವ್ವ! ಮೈಯೆಲ್ಲ ಜುಮ್ ಅಂತು. ಓದುವವರನ್ನು ಎದುರೆದುರು ಕಂಡದ್ದು ಅದೇ ಮೊದಲು.

“ಏನ್ ನೋಡ್ಲಿಕತ್ತೀರಿ ಅಕ್ಕಾರೆ?” ಅಂದೆ, ಏನೂ ಅರಿಯದವಳ ಹಾಗೆ.

“ಅಯ್ಯ, ನಿಮಗ ಗೊತ್ತಿಲ್ಲೇನ್ರಿ? ಇಕಿ ಥೇಟ್ ನಮ್ಮ ಅತ್ತಿನೇ. ಇದನ್ನ ತಗಿಯಾಕಿ ನಮ್ಮನಿ ಗ್ವಾಡಿಗಿ ಕಿವಿ ಹಚ್ಚಿ ಕುಂತಿರಬೇಕು.”

ತಡೆಯಲಾಗಲಿಲ್ಲ. “ಅದನ್ನ ತಗಿಯಾಕಿ ನಾನೇ ರೀ” ಅಂದುಬಿಟ್ಟೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಕೈಯಲ್ಲಿ ಒಂದು ಕೊತ್ತಂಬರಿ ಕಟ್ಟು ಇತ್ತು. ಅದೇ ತೊಡಕಾಯಿತೆಂದು ಕಾಣುತ್ತದೆ. “ಹಂಗಂದ್ರ ತಗದು ತೋರಸ್ರಿ ನೋಡಮ್” ಅಂದಳು. ಬ್ಯಾಗಿನಿಂದ ಹಾಳೆ ತೆಗೆದೆ. ರೈಲು ಅಲುಗಾಡುತ್ತಿತ್ತು, ಸುತ್ತ ಮಂದಿ ಕೂಡಿದರು, ಆದರೂ ಜೀವ ಒಂದು ಮಾಡಿ ದೊಡ್ಡವ್ವನನ್ನೂ ಎಮ್ಮೆಯನ್ನೂ ಬರೆದುಕೊಟ್ಟೆ. ಆಕೆ ಹಾಳೆಯನ್ನು ಮೊಬೈಲಿನ ಮಗ್ಗುಲಿಗೆ ಹಿಡಿದು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದಳು. ಆಮೇಲೆ ನನಗೆ ಬೇಜಾರಾಗಬಾರದೆಂದು ಭಾಳ ಮೆತ್ತಗೆ ಹೇಳಿದಳು:

“ಛಲೋ ತಗದೀರಿ ತಂಗಿ. ಆದ್ರ ಅಸಲಿ ತಗಿಯಾಕಿ ಕೈ ಬ್ಯಾರೇ ಅದ. ಪ್ರಾಕ್ಟೀಸ್ ಮಾಡ್ರಿ, ಬರ್ತದ.”

ದೃಷ್ಟಿ ಬೊಟ್ಟು

ಸೇಡಂನಲ್ಲಿ ಒಂದು ಕಾಲೇಜಿನ ಕಾರ್ಯಕ್ರಮ. ಹೊರಗೆ ಟೇಬಲ್ ಹಾಕಿಕೊಂಡು ನನ್ನ ಚಿತ್ರಗಳ ಪ್ರಿಂಟ್ ಇಟ್ಟಿದ್ದೆ. ಹುಡುಗಿಯರು ಬಂದರು, ಸೆಲ್ಫಿ ತೆಗೆಸಿಕೊಂಡರು, ನೀರು ಕುಡಿದು ಹೋದರು. ಮಧ್ಯಾಹ್ನ ಆಡಕಿಯಿಂದ ಬಂದಿದ್ದ ಒಬ್ಬ ಅಜ್ಜ ಟೇಬಲ್ ಮುಂದೆ ನಿಂತ. ಎಲ್ಲ ಬಿಟ್ಟು ಎಮ್ಮೆ ಒಂದೇ ಇರುವ ಪ್ರಿಂಟ್ ಎತ್ತಿಕೊಂಡ.

“ನಮ್ಮ ಎಮ್ಮಿ ಹಿಂಗೇ ಇತ್ತವ್ವಾ. ಹಿಂಗೇ ಮಾರಿ ತಿರಿವಿ ನಿಂದರ್ತಿತ್ತು. ಹೋಗಿಬಿಡ್ತು” ಅಂದ. ಅದನ್ನು ಸುತ್ತಿ ಅವನ ಕೈಗೆ ಕೊಡಲು ಹೋದೆ. ಅಜ್ಜ ತಡೆದ.

“ಒಂದೀಟು ಪೆನ್ನು ಕೊಡು. ಕರೀದು.”

ಕೊಟ್ಟೆ. ಅಜ್ಜ ಬಗ್ಗಿ, ನಾನು ಎರಡು ವಾರ ಕೂತು ಬರೆದ ಎಮ್ಮೆಯ ಗಲ್ಲದ ಮೇಲೆ ಗುಂಡಗೆ ಒಂದು ಬೊಟ್ಟು ಇಟ್ಟ. “ಮನ್ಯಾಗ ಗ್ವಾಡಿಗಿ ಹಾಕ್ತೀನಿ. ಬಂದ ಮಂದಿ ಎಲ್ಲ ನೋಡ್ತಾರ. ದೃಷ್ಟಿ ಬೊಟ್ಟಿಲ್ಲದ ಹೆಂಗ?”

ಎಮ್ಮೆಯೂ ಕಪ್ಪು, ಬೊಟ್ಟೂ ಕಪ್ಪು. ಎಷ್ಟು ಕಣ್ಣು ಕಿರಿದು ಮಾಡಿದರೂ ನನಗೆ ಬೊಟ್ಟು ಸಿಗಲಿಲ್ಲ. “ಅಜ್ಜಾ, ಕಾಣಂಗೇ ಇಲ್ಲಲ್ಲ” ಅಂದೆ.

ಅಜ್ಜ ಪೆನ್ನು ವಾಪಸ್ ಕೊಟ್ಟು ಹೇಳಿದ: “ನಿನಗ ಕಾಣಂಗಿಲ್ಲ. ದೃಷ್ಟಿಗಿ ಕಾಣ್ತದ.”

ಕಂಡಕ್ಟರ್ ತಂದ ಸೊಸೆ

ಚಿಂಚೋಳಿಯ ಆಚೆ, ಕುಂಚಾವರಂ ಕಡೆಯ ಕಾಡಿನ ಅಂಚಿನಲ್ಲಿರುವ ಒಂದು ಹಳ್ಳಿಯಲ್ಲಿ ನನ್ನ ಕಾಮಿಕ್ ಓದುತ್ತಾರೆ ಅಂತ ಅಲ್ಲಿನ ಮಾಸ್ತರರು ಚಿಂಚೋಳಿಗೆ ಬಂದು ಫೋನ್ ಮಾಡಿದಾಗ ನನಗೆ ನಂಬಿಕೆ ಬರಲಿಲ್ಲ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. “ನಮ್ಮ ಬಸ್ ಕಂಡಕ್ಟರ್ ತರ್ತಾರ್ರಿ” ಅಂದರು ಮಾಸ್ತರರು. ಕಂಡಕ್ಟರ್ ಚಿಂಚೋಳಿ ಸ್ಟ್ಯಾಂಡಿನಲ್ಲಿ ಚಿತ್ರ ಇಳಿಸಿಕೊಂಡು, ಹಳ್ಳಿ ಮುಟ್ಟಿದ ಮೇಲೆ ಚಹಾದಂಗಡಿ ಕಟ್ಟೆಯ ಮೇಲೆ ಕೂತು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಾನಂತೆ. ಶಾಲೆಯ ಮಕ್ಕಳಿಗೆ ಎರಡು ದಿನ ಚಿತ್ರ ಕಲಿಸಲು ಬರ್ರಿ ಅಂತ ಕರೆದರು. ಶನಿವಾರ ಹೊರಟೆ.

ಬಸ್ಸಿಳಿದೆನೋ ಇಲ್ಲವೋ, ಕಟ್ಟೆಯ ಮೇಲಿದ್ದ ಮಂದಿಯೆಲ್ಲ ಎದ್ದು ನಿಂತರು. ಒಬ್ಬ ಮುದುಕಿ ನನ್ನ ಎರಡೂ ಕೈ ಹಿಡಿದು ಕೇಳಿದಳು: “ಕೋಡಲು ಬಾಗುಂದಾ?” ಸೊಸೆ ಚೆನ್ನಾಗಿದ್ದಾಳಾ ಅಂತ.

“ಯಾವ ಸೊಸಿ, ಆಯಿ?”

“ದೊಡ್ಡವ್ವನ ಸೊಸಿ!”

ನನ್ನ ದೊಡ್ಡವ್ವನಿಗೆ ಮಕ್ಕಳಿಲ್ಲ, ಕಾಮಿಕ್ಕಿನಲ್ಲೂ ಇಲ್ಲ. ಕಂಡಕ್ಟರ್ ಕಡೆ ನೋಡಿದೆ. ಅವನು ಟಿಕೆಟ್ ಮಷೀನಿನಲ್ಲಿ ಏನೋ ಭಾಳ ಮುಖ್ಯವಾದದ್ದನ್ನು ಹುಡುಕುತ್ತಿದ್ದ. ಆಮೇಲೆ ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದ:

“ಮೇಡಂ, ಮಳಿಗಾಲದಾಗ ಚಿಂಚೋಳ್ಯಾಗೂ ನೆಟ್‌ವರ್ಕ್ ಕೈ ಕೊಡ್ತು. ಮಂದಿ ಬಿಡಂಗಿಲ್ಲ, ಮುಂದೇನು ಮುಂದೇನು ಅಂತಾರ. ಅದಕ್ಕ ನಾನೇ ದೊಡ್ಡವ್ವಗ ಒಬ್ಬ ಮಗನ್ನ ಮಾಡ್ದೆ. ಮಗಗ ಲಗ್ನ ಮಾಡ್ದೆ. ಸೊಸಿ ಬಂದ್ಲು. ಈಗ ಆಕಿ ಬಸುರಿ ಅದಾಳ್ರಿ.”

“ಅಯ್ಯೋ ದೇವರೆ! ಈಗೇನ್ ಮಾಡೂದು?”

“ಏನಿಲ್ರಿ, ಬರೂ ವಾರ ಕುಬ್ಸ, ಸೀಮಂತ ಅಂತ ಹೇಳಿಬಿಟ್ಟೀನಿ. ಹೆಣ್ಣಮಕ್ಕಳು ಹಸರ ಬಳಿ ತಂದಿಟ್ಟಾರ. ಇನ್ನ ಮುಂದಿಂದು ನೀವೇ ಸಂಭಾಳಸ್ರಿ.”

ಬುತ್ತಿ

ಆ ಹಳ್ಳಿಯಲ್ಲಿ ಎರಡು ದಿನ ಫೋನು ಸತ್ತು ಬಿದ್ದಿತ್ತು. ನಾನು ನಿಶ್ಚಿಂತಳಾಗಿದ್ದೆ. ಯಾಕೆಂದರೆ ಭಾನುವಾರದ ಚಿತ್ರ ತಾನೇ ಹೋಗುವ ಹಾಗೆ ಮೊದಲೇ ಹೊಂದಿಸಿಟ್ಟಿದ್ದೆ. ಕಾಮಿಕ್ ಶುರುವಾಗಿ ಎರಡು ವರ್ಷ ತುಂಬಿತ್ತು. ಅದರ ಖುಷಿಗೆ ದೊಡ್ಡವ್ವನಿಗೆ ಒಂದು ಸನ್ಮಾನ ಮಾಡಬೇಕು ಅನ್ನಿಸಿತ್ತು. ಅಂದವಾದ ಚೌಕಟ್ಟು, ಅದರೊಳಗೆ ದೊಡ್ಡವ್ವನ ನಗುಮುಖ, ಕೊರಳಿಗೆ ದಪ್ಪನೆಯ ಸೇವಂತಿ ಹಾರ. ಕೆಳಗೆ ಮನಸ್ಸು ತುಂಬಿ ಬರೆದಿದ್ದೆ: ‘ಎರಡು ವರ್ಷ ನಗಿಸಿದಿ. ನಿನ್ನ ಋಣ ತೀರಂಗಿಲ್ಲ.’

ವಾರಕ್ಕೆ ಹತ್ತು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡುವ ನನಗೆ ಹೊಳೆಯಬೇಕಿತ್ತು. ಚೌಕಟ್ಟಿಗೆ ಹಾರ ಕಂಡರೆ ನಮ್ಮ ಕಡೆಯ ಮಂದಿ ಮೊದಲು ಚಪ್ಪಲಿ ಕಳಚುತ್ತಾರೆ, ಯಾರು ಅಂತ ಆಮೇಲೆ ಕೇಳುತ್ತಾರೆ.

ಸೋಮವಾರ ಚಿಂಚೋಳಿಗೆ ಬಂದ ಕೂಡಲೇ ಫೋನು ಜೀವ ಬಂದು ಕುಣಿಯತೊಡಗಿತು. ಓಂ ಶಾಂತಿ. ಓಂ ಶಾಂತಿ. ‘ದೊಡ್ಡವ್ವ ಇನ್ನಿಲ್ಲ ಅಂದ್ರ ನಂಬಲಿಕ್ಕ ಆಗವಲ್ದು.’ ನಮ್ಮ ಅಂಗಡಿಯ ಮಾಲೀಕರದೂ ಬಂದಿತ್ತು: ‘ಧೈರ್ಯ ತಗೊ. ಫ್ಲೆಕ್ಸ್ ನಮ್ಮ ಕಡಿಂದ. ಸೈಜ್ ಹೇಳು.’ ನಗು ಬಂತು. ಅದರ ಕೆಳಗಿನದನ್ನು ಓದಿ ನಗು ನಿಂತಿತು. ವಾಡಿಯ ಒಬ್ಬ ಓದುಗಳು ಬರೆದಿದ್ದಳು: ‘ಅಕ್ಕಾ, ನಿಮ್ಮ ದೊಡ್ಡವ್ವ ರಾವೂರಾಕಿ ಅಂತ ನೀವೇ ಒಮ್ಮೆ ಹೇಳಿದ್ರಿ. ನಾವು ಆರು ಮಂದಿ ಮಾತಾಡ್ಸಲಿಕ್ಕ ಹೊಂಟೀವಿ. ಬುತ್ತಿ ಮಾಡ್ಕೊಂಡೀವಿ.’

ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಾತಾಡಿಸಲು ಬರುವವರೇ ಬುತ್ತಿ ಕಟ್ಟಿಕೊಂಡು ಬಂದು, ಮನೆಯವರಿಗೆ ಒತ್ತಾಯ ಮಾಡಿ ಉಣ್ಣಿಸುವುದು ನಮ್ಮಲ್ಲಿನ ಪದ್ಧತಿ. ದೊಡ್ಡವ್ವನ ಬಟನ್ ಫೋನಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಸೇಡಂ ತನಕ ಬಸ್ಸು, ಅಲ್ಲಿಂದ ವಾಡಿಗೆ ರೈಲು, ಆಮೇಲೆ ಆಟೋ. ದಾರಿಯುದ್ದಕ್ಕೂ ಒಂದೇ ಯೋಚನೆ. ಆಕೆಗೆ ನಾನು ಹೇಳಿ ತಿಳಿಯಬೇಕಾಗಿದ್ದದ್ದು ಈಗ ಹೀಗೆ, ಪರರ ಬಾಯಿಂದ, ಆಕೆಯ ಸಾವಿನ ಸುದ್ದಿಯ ಜೊತೆಗೆ ತಿಳಿಯುತ್ತದೆ.

ಮನೆ ಮುಂದೆ ಚಪ್ಪಲಿಗಳ ರಾಶಿ. ಒಳಗಿಂದ ಅಳು. ಖರೇನೇ ಏನಾದರೂ ಆಗಿಬಿಟ್ಟಿದೆಯೋ ಅಂತ ಹೊಸ್ತಿಲಲ್ಲೇ ಕಂಬ ಹಿಡಿದು ನಿಂತೆ. ಅಷ್ಟರಲ್ಲಿ ಎಲ್ಲರ ದನಿ ಮೀರಿಸಿ ಒಂದು ದನಿ ಕೇಳಿತು. ದೊಡ್ಡವ್ವನದು! ನಡುಮನೆಯಲ್ಲಿ ವಾಡಿಯ ಆರು ಹೆಂಗಸರು, ಬುತ್ತಿ ಗಂಟು ನೋಡಿ ಹಿಂದೆಯೇ ಬಂದ ಓಣಿಯ ಹೆಂಗಸರು, ನಡುವೆ ಎಲ್ಲರನ್ನೂ ತಬ್ಬಿಕೊಂಡು ಎಲ್ಲರಿಗಿಂತ ಜೋರಾಗಿ ಅಳುತ್ತಿರುವ ನನ್ನ ದೊಡ್ಡವ್ವ.

ನನ್ನನ್ನು ಕಂಡು ಎದ್ದು ಬಂದು ಕೊರಳಿಗೆ ಬಿದ್ದಳು. ಇನ್ನಷ್ಟು ಜೋರಾಗಿ ಅತ್ತಳು. ಅಳುವಿನ ನಡುವೆ ನನ್ನ ಕಿವಿಯಲ್ಲಿ ಕೇಳಿದಳು:

“ಯಾರ್ ಸತ್ತಾರ?”

“ದೊಡ್ಡವ್ವಾ, ನಿನಗ ಗೊತ್ತಿಲ್ಲೇನು?”

“ಇಲ್ಲ. ಇವ್ರು ಯಾರಂತನೂ ಗೊತ್ತಿಲ್ಲ. ಬಂದವ್ರೇ ಅಳ್ಲಿಕ್ಕ ಸುರು ಮಾಡಿದ್ರು. ಅಳೂ ಮಂದಿಗಿ ಯಾಕಂತ ಹೆಂಗ ಕೇಳಬೇಕು? ನಾನೂ ಅತ್ತೆ. ಮುಂಜಾನಿಂದ ಅಳ್ಲಿಕತ್ತೀನಿ, ಗಂಟಲ ಹೋಗ್ಯಾದ. ಲಗು ಹೇಳು.”

ಅಷ್ಟರಲ್ಲಿ ವಾಡಿಯ ಹೆಂಗಸೊಬ್ಬಳು ಮೂಗು ಒರೆಸಿಕೊಂಡು ನನ್ನನ್ನು ಕೇಳಿದಳು: “ಇವ್ರು ದೊಡ್ಡವ್ವನ ಅಕ್ಕೋರಾ ರೀ? ಮಾರಿ ಹಂಗೇ ಅದ. ಭಾಳ ಹಚಗೊಂಡಾರ ಪಾಪ.”

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. “ಇವರೇ ದೊಡ್ಡವ್ವ” ಅಂದೆ.

ಅಳು ಗಪ್ಪನೆ ನಿಂತಿತು. ಯಾರೋ ಮೊಬೈಲ್ ತೋರಿಸಿದರು. ದೊಡ್ಡವ್ವ ಅದನ್ನು ದೂರ ಹಿಡಿದು ಹಾರ ಹಾಕಿದ ತನ್ನ ಮುಖವನ್ನೇ ನೋಡಿದಳು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಎರಡು ವರ್ಷದಿಂದ ಏನು ಮಾಡುತ್ತಿದ್ದೇನೆ, ಯಾರ ಮಾತು, ಎಲ್ಲೆಲ್ಲಿ ಓದುತ್ತಾರೆ, ಎಲ್ಲ. ವಾಡಿಯ ಹೆಂಗಸು ಹಳೆಯ ಕಂತುಗಳನ್ನು ಒಂದೊಂದಾಗಿ ಓದಿ ತೋರಿಸಿದಳು. ಯಾರೂ ನಗಲಿಲ್ಲ. ಎಲ್ಲರ ಕಣ್ಣು ದೊಡ್ಡವ್ವನ ಮುಖದ ಮೇಲೆ. ನನ್ನ ಕಣ್ಣು ನೆಲದ ಮೇಲೆ. ‘ಬ್ಯಾಡ’ ಅನ್ನುವ ಮಾತು ಈಗ ಬಂತು, ಇನ್ನೇನು ಬಂತು ಅಂತ ಕಾಯುತ್ತಿದ್ದೆ.

“ಮಾತು ನನ್ನವೇ” ಅಂದಳು ಕೊನೆಗೆ. “ಆದ್ರ ಎಲ್ಲಾದ್ರಾಗೂ ಬರೀ ಬೈಲಿಕತ್ತೀನಲ್ಲ. ನಿನಗ ಉಣ್ಲಿಕ್ಕ ನೀಡಿದ್ದು ಒಂದೂ ತಗದಿಲ್ಲೇನು?”

ನನಗೆ ತಡೆಯಲಿಕ್ಕಾಗಲಿಲ್ಲ. ಆಕೆಯ ಮಡಿಲಿಗೆ ಮುಖ ಹಾಕಿ ಅತ್ತೆ. ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು. “ಸಾಕು ಮಾಡು. ಇವತ್ತಿಂದು ಅಳೂದು ಎಲ್ಲಾ ನಾ ಒಬ್ಬಾಕಿನೇ ಮುಗಿಸೀನಿ. ತಗಿ ನೀನು, ಬಿಡಬ್ಯಾಡ. ಬರೂ ವಾರ ರೊಟ್ಟಿ ನೀಡೂದು ತಗಿ.”

ವಾಡಿಯ ಹೆಂಗಸರು ನಾಚಿಕೆಯಿಂದ ಬುತ್ತಿ ಗಂಟು ಹಿಂದಕ್ಕೆ ಸರಿಸಿದರು. ಬದುಕಿದ್ದವರ ಮನೆಯಲ್ಲಿ ಅದನ್ನು ಬಿಚ್ಚುವುದು ಹೇಗೆ, ವಾಪಸ್ ಒಯ್ಯುವುದಾದರೂ ಹೇಗೆ? ದೊಡ್ಡವ್ವನೇ ಎಳೆದುಕೊಂಡು ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. “ನನ್ನ ಸಲುವಾಗಿ ತಂದೀರಿ, ನಾನೇ ಉಣ್ತೀನಿ. ಎಷ್ಟು ಮಂದಿಗಿ ಸಿಗ್ತದ ಇದು? ಕುಂದ್ರಿ ಎಲ್ಲಾರೂ.” ಎಲ್ಲರೂ ಸಾಲಾಗಿ ಕೂತು ಉಂಡೆವು. ಅತ್ತು ಹಸಿದಿದ್ದೆವು, ಭಾಳ ರುಚಿಯಾಗಿತ್ತು.

ಉಣ್ಣುತ್ತಲೇ ದೊಡ್ಡವ್ವ ಕೇಳಿದಳು: “ಇದರಾಗ ಮತ್ತ್ಯಾರ್ಯಾರು ಏನೇನು ಬರದಾರ, ಓದು.” ಓದಿದೆ. ಕಂಡರಿಯದವರು ಬರೆದ ಒಂದೊಂದು ಮಾತಿಗೂ ಆಕೆಯ ಕಣ್ಣು ತೇವವಾಯಿತು. ಓದುತ್ತಾ ಓದುತ್ತಾ ಚಿತ್ತಾಪುರದ ನೆಗೆಣ್ಣಿಯ ಹೆಸರು ಬಂತು. ಆಕೆಗೂ ದೊಡ್ಡವ್ವನಿಗೂ ಒಂದೇ ಮನೆಗೆ ಸೊಸೆಯಂದಿರಾಗಿ ಬಂದ ದಿನದಿಂದ ಮಾತು ಅಷ್ಟಕ್ಕಷ್ಟೇ. ‘ನಮ್ಮ ಅಕ್ಕ ದೇವರಂಥಾಕಿ ಇದ್ದಳು. ನಾಳೆ ಮುಂಜಾನೆ ರಾವೂರಿಗೆ ಬರ್ತೀನಿ’ ಅಂತ ಈಗಷ್ಟೇ ಬರೆದಿದ್ದಳು.

“ಈಗಲೇ ಹಾಕಿಬಿಡ್ತೀನಿ ದೊಡ್ಡವ್ವಾ, ನೀ ಆರಾಮ ಅದಿ ಅಂತ” ಎಂದು ಫೋನು ಎತ್ತಿದೆ.

ದೊಡ್ಡವ್ವ ರೊಟ್ಟಿಯ ಕೈಯಲ್ಲೇ ಫೋನನ್ನು ಮುಚ್ಚಿ ಹಿಡಿದಳು.

“ತಡಿ. ದೇವರಂಥಾಕಿ ಅಂದಾಳ, ಬದುಕಿದ್ದಾಗ ಒಮ್ಮೆನೂ ಅಂದಿಲ್ಲ. ಆಕಿ ಬಂದು, ಕುಂತು, ಅತ್ತು, ಬುತ್ತಿ ಕೆಳಗ ಇಳಸೂ ತನಕ ನಾ ಬದುಕೀನಂತ ಅದರಾಗ ಹಾಕಬ್ಯಾಡ.”