ಪಾಸ್ಟರ್ ಸಾಬರ ಪಾಲಿನ ಚಹಾ

ಪಾಸ್ಟರ್ ಕೆಲಸಕ್ಕ ಸೇರಿ ಇಪ್ಪತ್ತಾರು ವರ್ಷ ಆತ್ರಿ. ನಗೂ ಮಾತು ಹುಡ್ಕೊಂಡು ನಾ ಎಲ್ಲೂ ಹೋಗಿಲ್ಲ. ಒಬ್ಬರ ಮನಿ ಹೊಸ್ತಿಲು ದಾಟಿದ್ರ ಸಾಕು, ತಾವಾಗೇ ಬಂದು ಕೊರಳಿಗಿ ಬೀಳ್ತಾವ. ಈ ವರ್ಷ ಬಿದ್ದವೆಲ್ಲಾ ಚಹಾದ ಕಪ್ಪಿನಾಗಿಂದೇ ಬಂದವು.

೧. ಮನಿಯೊಳಗಿನ ಹುಕುಂ

ನನ್ನ ಹೆಂಡ್ತಿ ನರ್ಸ್. ದವಾಖಾನಿಯಾಗ ಎಲ್ಲಾರೂ ಅಕಿಗಿ ಸಿಸ್ಟರಮ್ಮ ಅಂತಾರ, ಸಭಾದವರೂ ಹಂಗೇ ಅಂತಾರ, ಅಕಿಗಿ ಸಿಟ್ಟು ಬಂದಾಗ ನಾನೂ ಹಂಗೇ ಅಂತೇನಿ. ಕ್ರಿಸ್‌ಮಸ್ ಮುಗದ ಮ್ಯಾಲ ಒಂದಿನ ಮುಂಜಾನೆ, ಬೀದರಿನ ಚಿದ್ರಿಯೊಳಗಿನ ನಮ್ಮ ಮನಿಯಾಗ ನನ್ನ ಬೆರಳಿಗಿ ಸೂಜಿ ಚುಚ್ಚಿ ಶುಗರ್ ಮಷೀನ್ ನೋಡಿದಳು. ಮುನ್ನೂರು ದಾಟಿತ್ತು.

"ಇದು ರಕ್ತ ಏನ್ರಿ, ಜಾಮೂನಿನ ಪಾಕ ಏನ್ರಿ?" ಅಂದಳು.

ಅದೇ ವಾರ ಬೀದರಿನ ನಮ್ಮ ಸಭಾ ಕಚೇರಿಯಿಂದ ಪತ್ರ ಬಂದಿತ್ತು. 'ಹಳ್ಳಿ ತಿರಗೂದು ಬಿಟ್ಟು ಇಲ್ಲೇ ಫ್ಯಾನಿನ ಕೆಳಗ ಕುಂತು, ಮದಿವಿ ಮತ್ತ ದೀಕ್ಷಾಸ್ನಾನದ ರಜಿಸ್ಟರ್ ನೋಡ್ಕೋರಿ. ಈಸ್ಟರ್ ಒಳಗ ಉತ್ತರ ಕೊಡ್ರಿ' ಅಂತ. ಅಕಿ ಪತ್ರ ಓದಿ, ಮಡಚಿ, ಮಷೀನಿನ ಡಬ್ಬಿಯೊಳಗೇ ಇಟ್ಟಳು.

"ಈಸ್ಟರ್ ಒಳಗ ಸಕ್ಕರಿ ಇಳೀಲಿಲ್ಲಂದ್ರ, ಹೂಂ ಅಂತ ನಾನೇ ಬರದು ಕಳಸ್ತೇನಿ."

ಹಳ್ಳಿ ತಿರಗೂದಂದ್ರ ನನಗ ಜೀವ. ನಾಕು ಮನಿ ಬಾಗಿಲು ನೋಡ್ಲಿಲ್ಲಂದ್ರ ನನಗ ಉಂಡದ್ದು ಮೈಗಿ ಹತ್ತೂದಿಲ್ಲ. ಖರೆ, ನಮ್ಮ ಕಡಿ ಪ್ರಾರ್ಥನಾ ಆಮೆನ್ ಅಂದ ಕೂಡ್ಲೆ ಮುಗಿಯೂದಿಲ್ಲ, ಚಹಾ ಕುಡದ ಮ್ಯಾಲೇ ಮುಗೀತದ. ದಿನಕ್ಕ ಹತ್ತು ಮನಿ, ಹತ್ತು ಕಪ್ಪು. ಇಳಿ ಅಂದ್ರ ಆ ಸಕ್ಕರಿ ಎಲ್ಲಿ ಇಳಿಯೂದ್ರಿ?

೨. ಹೊಲದ ಮಾಲು

ಭಾಲ್ಕಿ ಕಡಿ ಸಾಯಗಾಂವದಾಗ ಎಂಬತ್ತು ದಾಟಿದ ಒಬ್ಬ ಆಯಿ ಇದ್ದಾಳ. ಅಕಿ ಎಮ್ಮಿ ಹಾಲು ಬಿಡವಲ್ದು ಅಂತ ಪ್ರಾರ್ಥನಾಕ್ಕ ಕರದಳು. ನಾ ಕೊಟ್ಟಿಗಿಯಾಗ ನಿಂತು ಕಣ್ಣು ಮುಚ್ಚಿ ಪ್ರಾರ್ಥನಾ ಮಾಡೂದ್ರಾಗ, ಎಮ್ಮಿ ನನ್ನ ಅಂಗಿ ತೋಳು ನೆಕ್ಕಿ ನೆಕ್ಕಿ ಹಸಿ ಮಾಡಿತು. ಅವತ್ತು ಸಾಯಂಕಾಲ ಹಾಲೂ ಬಿಟ್ಟಿತು. ಪ್ರಾರ್ಥನಾದ ಮಹಿಮಿನೋ, ಅಂಗಿ ಬೆವರಿನ ಉಪ್ಪಿಂದೋ, ದೇವರಿಗೇ ಗೊತ್ತು.

ಅದೇ ಹಾಲಿನ ಚಹಾ ಇಟ್ಟಳು. ಬ್ಯಾಡ ಅನ್ನೂದು ನನ್ನ ಕೈಲಿ ಆಗ್ಲಿಲ್ರಿ. ಅಕಿ ಸಣ್ಣಾಕಿ ಇದ್ದಾಗ ಅಕಿ ಕೈ ನೀರು ಒಲ್ಲೆ ಅಂದವರು ಊರು ತುಂಬ ಇದ್ರು. ಅಂಥಾಕಿ ಮುಂದ ನಾ ಕಪ್ಪು ಸರಿಸಿದ್ರ ಹ್ಯಾಂಗ?

"ಕುಡೀತೇನಿ ಆಯಿ. ಸಕ್ಕರಿ ಮಾತ್ರ ಹಾಕಬ್ಯಾಡ, ಡಾಕ್ಟರು ಬ್ಯಾಡ ಅಂದಾರ."

"ಯೇಸಪ್ಪನ ಆಣಿ, ಒಂದು ಹರಳು ಸುದ್ದಾ ಹಾಕೂದಿಲ್ಲ."

ಒಂದು ಗುಟುಕು ಕುಡದೆ. ಪಾಯಸ!

"ಆಯಿ, ಆಣಿ ಮಾಡಿದ್ದಿ?"

"ಸಕ್ಕರಿ ಎಲ್ಲಿ ಹಾಕೀನಪ್ಪ? ಬೆಲ್ಲ ಹಾಕೀನಿ. ನಮ್ಮ ಹೊಲದ ಕಬ್ಬಿನ ಬೆಲ್ಲ. ಹೊಲದ ಮಾಲು ಎಂದಾದ್ರೂ ಮಂದಿಗಿ ರೋಗ ಮಾಡ್ತದೇನು?"

೩. ಗಂಜದ ವೈದ್ಯ

ನಮ್ಮ ಸಭಾದ ಒಬ್ಬಾಂವ ಗಾಂಧಿ ಗಂಜದ ಕಾಳಿನ ಪ್ಯಾಟಿಯಾಗ ಹಮಾಲಿ ಮಾಡ್ತಾನ. ತೊಗರಿ ಚೀಲ ಬಿದ್ದು ಅವನ ಕಾಲು ಬಾತಿತ್ತು, ನೋಡ್ಲಿಕ್ಕ ಹೋದೆ. ಅವನ ಅಂಗಡಿ ಮಾಲಕ ಸಾಬರು ನನಗ ಗಾದಿ ಮ್ಯಾಲ ಕೂಡ್ಸಿ, ಹಮಾಲನ ಸಲುವಾಗಿ ತಾವೂ ನನ್ನ ಜೋಡಿ ಕೈ ಎತ್ತಿ ದುವಾ ಮಾಡಿದ್ರು. ಆಮ್ಯಾಲ ಚಹಾದ ಮಾತು ಬಂತು. ನಾ ಮೊದಲೇ ಕೈ ಮುಗದು ನನ್ನ ರೋಗ ಹೇಳ್ದೆ.

"ಅರೇ ಪಾಸ್ಟರ್ ಸಾಬ್, ಮೇರೆಕು ಭೀ ಶುಗರ್ ಹೈ! ಹತ್ತು ವರ್ಷ ಆತು. ಚಿಂತಿ ಬಿಡ್ರಿ, ಈ ರೋಗ ಸಂಭಾಳಿಸೂದು ನನಗ ಕಲೀರಿ," ಅಂದ್ರು. ಸಕ್ಕರಿ ಇಲ್ಲದ ಎರಡು ಫೀಕಾ ಚಹಾ ಹೇಳಿದ್ರು. ಸಿಕ್ಕನಪ್ಪ ಒಬ್ಬ ನನ್ನಂಥಾಂವ ಅಂತ ಖುಷಿ ಆತು.

ಚಹಾದ ಜೋಡಿ ಒಂದು ಪ್ಲೇಟು ಬಿಸಿ ಜಿಲೇಬಿ ಬಂತು.

"ಇದೇನ್ರಿ ಸಾಬ್?"

"ಡಾಕ್ಟರು ಚಹಾದಾಗ ಸಕ್ಕರಿ ಬ್ಯಾಡ ಅಂದಾನ. ಜಿಲೇಬಿ ಸುದ್ದಿ ಎತ್ತಿಲ್ಲ. ನಾನೂ ಕೇಳಿಲ್ಲ."

೪. ಎರಡು ಒಲಿ

ಔರಾದದಾಗ ಒಂದು ಮನಿ. ಅತ್ತಿ ಸೊಸಿ ಮಾತು ಬಿಟ್ಟು ಆರು ತಿಂಗಳು ಆಗಿತ್ತು. ಒಂದೇ ಪಡಸಾಲಿ, ಎರಡು ಒಲಿ. ನಾ ಹೋಗಿ ಶಾಂತಿ, ಸಮಾಧಾನ ಅಂತ ಅರ್ಧ ತಾಸು ಹೇಳ್ದೆ. ಗ್ವಾಡಿಗಿ ಹೇಳಿದ್ರ ಗ್ವಾಡಿನೇ ಒಪ್ಪತಿತ್ತು. ಕಡೀಕ ಬಲಗಡಿಯಿಂದ ಅತ್ತಿ ಒಂದು ಕಪ್ಪು ತಂದಿಟ್ಟಳು, ಎಡಗಡಿಯಿಂದ ಸೊಸಿ ಒಂದು ಕಪ್ಪು ತಂದಿಟ್ಟಳು. ಇಬ್ಬರೂ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ರು, ಮೊದಲು ಯಾರ ಕಪ್ಪಿಗಿ ಕೈ ಹಾಕ್ತಾನ ನೋಡೋಣ ಅಂತ.

ಅತ್ತಿದು ಹಿಡದ್ರ ಸೊಸಿ ನಾಳೆಯಿಂದ ಸಭಾಕ್ಕ ಬರೂದಿಲ್ಲ. ಸೊಸಿದು ಹಿಡದ್ರ ಅತ್ತಿ ನನ್ನ ಮಣ್ಣಿಗೂ ಬರೂದಿಲ್ಲ. ಬಾಜೂಕ ನೀರಿನ ದೊಡ್ಡ ಗ್ಲಾಸು ಇತ್ತು. ನೀರು ಅಂಗಳಕ್ಕ ಚೆಲ್ಲಿ, ಎರಡೂ ಚಹಾ ಅದರಾಗ ಸುರುವಿ, ಕಣ್ಣು ಮುಚ್ಚಿ ಗಟಗಟಾ ಕುಡದುಬಿಟ್ಟೆ. ಒಂದರಾಗ ಶುಂಠಿ, ಇನ್ನೊಂದರಾಗ ಯಾಲಕ್ಕಿ. ನನ್ನ ಮುಖ ಹ್ಯಾಂಗ ಆಗಿತ್ತೋ ಏನೋ, ಅತ್ತಿ ಕಿಸಕ್ ಅಂದಳು. ಸೊಸಿ ಸೆರಗು ಬಾಯಿಗಿಟ್ಕೊಂಡಳು. ಆಮ್ಯಾಲ ಇಬ್ಬರೂ ಗ್ವಾಡಿ ಹಿಡಕೊಂಡು ನಕ್ರು.

"ಏ, ಪಾಸ್ಟರ್ ಸಾಬರಿಗಿ ಒಂದು ನೆಟ್ಟನ ಚಹಾ ಮಾಡವ್ವಾ," ಅಂದಳು ಅತ್ತಿ. ಆರು ತಿಂಗಳಾದ ಮ್ಯಾಲ ಸೊಸಿಗಿ ಆಡಿದ ಮೊದಲ ಮಾತು ಅದು.

ಮೂರನೇ ಕಪ್ಪೂ ಕುಡದೆ. ಔರಾದದಿಂದ ಬೀದರ ತನಾ ಗಾಡಿ ಮ್ಯಾಲ ಹಾಡ್ಕೊಂತ ಬಂದೆ. ಇಂಥದ್ದೊಂದು ದಿನ ರಜಿಸ್ಟರಿನಾಗ ಎಲ್ಲಿ ಸಿಗ್ತದ ಹೇಳ್ರಿ.

೫. ಕಣ್ಣು ಮುಚ್ಚಿದ ಮ್ಯಾಲ

ಈಸ್ಟರ್ ಹಿಂದಿನ ವಾರ ಎಲ್ಲಾ ಊರಿನ ಸಭಾದವರು ಚಿದ್ರಿಯಾಗ ಕೂಡಿದ್ರು. ಮರುದಿನ ನನ್ನ ರಕ್ತ ಪರೀಕ್ಷಾ. ನನ್ನ ಹೆದರಿಕಿ ನನಗ. ಬುದ್ಧಿ ಕೆಟ್ಟು, "ನನ್ನ ಸಕ್ಕರಿ ಸಲುವಾಗಿ ಪ್ರಾರ್ಥನಾ ಮಾಡ್ರಿ" ಅಂದುಬಿಟ್ಟೆ.

ನಮ್ಮಲ್ಲಿ ಎಲ್ಲಾರೂ ಕಣ್ಣು ಮುಚ್ಚಿ, ಒಬ್ಬರಾದ ಮ್ಯಾಲ ಒಬ್ಬರು ಬಾಯಿ ಬಿಟ್ಟು ಪ್ರಾರ್ಥನಾ ಮಾಡ್ತಾರ. ಕಣ್ಣು ಮುಚ್ಚಿದ್ರ ಮುಗೀತು, ದೇವರಿಗಿ ಹೇಳಿದ್ದು ಬಾಜೂದವರಿಗೂ ಕೇಳಸ್ತದ ಅನ್ನೂದು ಯಾರಿಗೂ ನೆನಪಿರೂದಿಲ್ಲ.

ಸಾಯಗಾಂವದ ಆಯಿ ಶುರು ಮಾಡಿದಳು. "ಯೇಸಪ್ಪಾ, ತಪ್ಪು ನಂದೇ. ಬೆಲ್ಲದ ಚಹಾ ಎರಡು ಕಪ್ಪು ಕೊಟ್ಟೆ. ಮೂರನೇದು ಮಾತ್ರ ಅವರೇ ಕೇಳಿ ಇಸ್ಕೊಂಡ್ರು."

ಆಮ್ಯಾಲ ಹಮಾಲ ಎದ್ದ. "ಕರ್ತನೇ, ಪಾಸ್ಟರ್ ಸಾಬರು ಗಂಜದಾಗ ನನ್ನ ಪಾಲಿನ ಜಿಲೇಬಿನೂ ತಿಂದ್ರು. ನಾ ಅವರಿಗಿ ಅವತ್ತೇ ಕ್ಷಮಾ ಮಾಡೀನಿ, ನೀನೂ ಮಾಡು."

ಔರಾದದ ಅತ್ತಿ ಸೊಸಿ ಜೋಡೀಲೆ ಎದ್ರು. "ನಮ್ಮ ಮನಿ ಕೂಡ್ಸಿದಿ ತಂದೆ, ಸ್ತೋತ್ರ. ಈಗ ಒಂದೇ ಒಲಿ ಅದ. ಅವತ್ತು ಚಹಾದ ಮ್ಯಾಲ ಶಿರಾನೂ ಮಾಡಿ ಹಾಕಿದೆವು. ಬ್ಯಾಡ ಅನ್ಲೇ ಇಲ್ಲ ಸ್ವಾಮಿ, ತಾಟು ಬಳದು ಉಂಡ್ರು."

ಒಂದು ಕಣ್ಣು ತೆರದು ನೋಡ್ದೆ. ಮುಂದಿನ ಸಾಲಿನಾಗ ನನ್ನ ಹೆಂಡ್ತಿ ಕಣ್ಣು ಮುಚ್ಕೊಂಡೇ ಬೆರಳು ಎಣಸ್ತಿದ್ದಳು. ಮುಗೀತು ನನ್ನ ಕತಿ, ಇನ್ನ ಫ್ಯಾನು, ಕುರ್ಚಿ, ರಜಿಸ್ಟರು ಅಂದ್ಕೊಂಡೆ. ಅಷ್ಟೊತ್ತಿಗಿ ಅಕಿ ದನಿ ಬಂತು.

"ತಂದೆಯೇ, ಮಷೀನ್ ಕೆಟ್ಟದ ಅಂತ ಇವರು ದಿನಾ ಹೇಳ್ತಿದ್ರು. ಅದನ್ನ ನಂಬಿ ಮಷೀನಿಗಿ ಬೈದದ್ದಕ್ಕ ನನಗ ಕ್ಷಮಿಸು. ಇವರಿಗಿ ಕುರ್ಚಿ ಮ್ಯಾಲ ಕೂಡ್ಸಿದ್ರ ಸಕ್ಕರಿ ಇಳೀತದ, ಖರೆ ಮಾರಿನೂ ಇಳೀತದ. ಔರಾದದಿಂದ ಹಾಡ್ಕೊಂತ ಬಂದ ದಿನ ಇವರ ಮಾರಿ ನಾ ನೋಡೀನಿ. ಆ ಮಾರಿ ನನಗ ಬೇಕು. ಪತ್ರಕ್ಕ ಬ್ಯಾಡ ಅಂತ ಬರೀತೇವು. ಆದ್ರ ಇಂದಿನಿಂದ ನನ್ನ ಸೂಟಿ ದಿನ ಗಾಡಿ ಹಿಂದ ನಾನೇ ಕೂಡ್ತೇನಿ. ಇವರಿಗಿ ಯಾರಾದ್ರೂ ಸಿಹಿ ಕೊಟ್ರ ನಾ ನೋಡ್ಕೋತೇನಿ. ಆಮೆನ್."

ಸಭಾ ಎಲ್ಲಾ "ಆಮೆನ್!" ಅಂತು. ಇಪ್ಪತ್ತಾರು ವರ್ಷದಾಗ ನನ್ನ ಯಾವ ಪ್ರಸಂಗಕ್ಕೂ ಅಷ್ಟು ದೊಡ್ಡ ಆಮೆನ್ ಬಂದಿಲ್ರಿ.

ಕಣ್ಣು ತೆರದಾಗ ಆಯಿ ಕೋಲು ಊರ್ಕೊಂತ ನನ್ನ ಹೆಂಡ್ತಿ ಕಡಿ ಹೊಂಟಿದ್ದಳು. ಹೋಗಿ ಅಕಿ ಕೈ ಹಿಡದಳು.

"ಸಿಸ್ಟರಮ್ಮ, ನಿನಗ ಸಕ್ಕರಿ ರೋಗ ಇಲ್ಲಲ್ಲ?"

"ಇಲ್ಲ ಆಯಿ."

"ಛಲೋ ಆತು. ಹಂಗಾದ್ರ ಇನ್ನ ಮ್ಯಾಲ ಪಾಸ್ಟರ್ ಸಾಬರ ಪಾಲಿಂದೂ ನೀನೇ ಕುಡಿ. ದಿನಕ್ಕ ಹತ್ತು ಮನಿ, ಮರೀಬ್ಯಾಡ."