ಗರಗಸದ ಇನ್ನೊಂದು ಹಿಡಿ

"ಸಂಜೀ ಬಸ್ಸಿಗೆ ಅಪ್ಪ ಬರ್ತಾನಂತ್ರೀ. ಗರಗಸ ಹೊರಗ ತಗದಿಡ್ರಿ ಅಂದಾನ," ಎಂದು ಹೆಂಡತಿ ರೇಣುಕಾ ಹೇಳಿದಾಗ ತಿಪ್ಪೇಶನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು.

ಮಾವ ಕರಿಸಿದ್ದಪ್ಪ ಚಿಗಟೇರಿ ಕಡೆಗೆಲ್ಲ ಹೆಸರಾದ ಮರ ಕೊಯ್ಯುವವ. ಕೊಟ್ಟೂರಿನ ಸೊಸೈಟಿಯಲ್ಲಿ ಕಂಪ್ಯೂಟರ್ ಕುಟ್ಟುವ ತಿಪ್ಪೇಶ ಮದುವೆಯಾದಂದಿನಿಂದ ಅವನ ಕಣ್ಣಿಗೆ ಕಣ್ಣು ಕೊಟ್ಟವನಲ್ಲ. ಮಾತೆಲ್ಲ ಮಾವನ ಚಪ್ಪಲಿಯ ಜೊತೆಗೇ. ಇಬ್ಬರು ಎದುರುಬದುರು ನಿಂತು ಎಳೆಯುವ ಆ ಆಳುದ್ದದ ಗರಗಸವನ್ನು ಹೋದ ವರ್ಷ ಮಾವ ತಂದು, "ಜ್ವಾಪಾನ" ಎಂದಷ್ಟೇ ಹೇಳಿ ಹೋಗಿದ್ದ. ತಿಪ್ಪೇಶ ಅದನ್ನು ಬಚ್ಚಲ ಹಿಂದೆ ಒರಗಿಸಿ ಮರೆತೇಬಿಟ್ಟಿದ್ದ. ಈಗ ಎಳೆದು ನೋಡಿದರೆ ಮೈತುಂಬ ತುಕ್ಕು.

ರಜೆ ಹಾಕಿದ. ಹುಣಸೆಹಣ್ಣು, ಸೀಮೆಎಣ್ಣೆ, ಇಟ್ಟಿಗೆಪುಡಿ ಎಲ್ಲ ಹಾಕಿ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಗರಗಸ ಬೆಳ್ಳಗಾಯಿತು, ತಿಪ್ಪೇಶ ಕೆಂಪಗಾದ. ಅರ ಹಿಡಿದು ಹಲ್ಲು ಮಸೆಯಲು ಕೂತಾಗ ಪಕ್ಕದ ಮನೆಯ ಗಂಗಾಧರ್ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ.

"ಹಲ್ಲು ನೋಡೋ ಮಾರಾಯಾ! ಒಂದು ಎಡಕ್ಕ, ಒಂದು ಬಲಕ್ಕ. ಎಲ್ಲಾ ಸೊಟ್ಟ ಆಗ್ಯಾವು. ನಿಮ್ಮ ಮಾವ ನೋಡಿದ್ರ ನಿನ್ನ ಹಲ್ಲು ಉದುರಸ್ತಾನ."

"ಅಯ್ಯೋ, ಈಗೇನು ಮಾಡ್ಲಿ?"

"ಸುತಗಿ ತಗಂಬಾ. ಬಡದು ನೆಟ್ಟಗ ಮಾಡಣ."

ಇಬ್ಬರೂ ಸೇರಿ ಬಡಿದು ಬಡಿದು, ಶಾಲೆಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದಂತೆ ಹಲ್ಲುಗಳನ್ನು ಸಾಲಾಗಿ ನಿಲ್ಲಿಸಿದರು. ತಿಪ್ಪೇಶನ ಎದೆ ಕೊಂಚ ಹಗುರಾಯಿತು. ಆದರೆ ಒಮ್ಮೆ ಕೊಯ್ದು ನೋಡದೆ ಸಮಾಧಾನವಿಲ್ಲ. ಎದುರುಮನೆಯ ದುರುಗಮ್ಮ ದಿನಾ ಸಂಜೆ ಕೂರುವ ಬೇವಿನ ಕೊರಡು ಕಣ್ಣಿಗೆ ಬಿತ್ತು. ಮುದುಕಿ ಒಳಗೆ ಮಲಗಿದ್ದಳು.

"ತುದಿ ಒಂಚೂರು ಕೊಯ್ಯಣ. ಗೊತ್ತಾಗಂಗಿಲ್ಲ," ಎಂದ ಗಂಗಾಧರ್.

ಗರಗಸ ನಾಲ್ಕು ಬೆರಳು ಇಳಿಯಿತು. ಆಮೇಲೆ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕಾಲು ಕೊಟ್ಟು ಎಳೆದರು, ಎಣ್ಣೆ ಬಿಟ್ಟರು. ಆ ಗದ್ದಲಕ್ಕೆ ದುರುಗಮ್ಮ ಎದ್ದು ಬಂದಳು.

"ನನ್ನ ಕೊರಡಿಗೆ ಏನು ಮಾಡಿದ್ರಲೇ? ನಿಮ್ಮ ಕೈ ಸೇದಿಹೋಗ್ಲಿ!"

ಗಂಗಾಧರ್‌ಗೆ ತಕ್ಷಣ ಮನೆಯಲ್ಲೇನೋ ಕೆಲಸ ನೆನಪಾಯಿತು. ಅದೇ ಗಳಿಗೆಗೆ ಆಟೋದಿಂದ ಮಾವನ ಚಪ್ಪಲಿಗಳು ಇಳಿದವು. ಕೊರಡಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ತಿಪ್ಪೇಶನ ಮುಂದೆ ನಿಂತವು.

"ಹಲ್ಲು ನೆಟ್ಟಗ ಮಾಡಿದವರು ಯಾರ್ರಿ ಅಳಿಯಂದ್ರ?"

"ನಾ... ನಾನ ರೀ ಮಾವಾರ."

"ಹಲ್ಲು ಅತ್ತಿತ್ತ ಬಾಗಿದ್ರನ ಗರಗಸ ಮರದಾಗ ಆಡತೈತಿ. ನೆಟ್ಟಗಾದ್ರ ಹಿಂಗ ಕಚ್ಚಿಗೊಂತೈತಿ." ಮಾವನ ದನಿ ಏಕೋ ಮೆತ್ತಗಾಗಿತ್ತು. "ನನ್ನ ಜೋಡಿ ಎಳೀತಿದ್ದ ಹುಲುಗಣ್ಣನೂ ಹೊಸದರಾಗ ಹಿಂಗ ಬಡದಿದ್ದ. ಅಂವ ಸತ್ತ ಮ್ಯಾಲ ಆಕಡಿ ಹಿಡಿಯೋರು ಯಾರೂ ಸಿಗಲಿಲ್ಲ. ಖರೇ ಹೇಳ್ತೀನ್ರಿ, ಇದನ್ನ ಇವತ್ತು ಗುಜರಿಗೆ ಹಾಕಾಕ ಬಂದಿದ್ದೆ."

ಗುಜರಿಗೆ! ಬಚ್ಚಲ ಹಿಂದೆಯೇ ಬಿಟ್ಟಿದ್ದರೆ ಆಗುತ್ತಿತ್ತಲ್ಲ! ಓಣಿಯ ತುದಿಯಲ್ಲಿ ಮಾವ ಬರಹೇಳಿದ್ದ ಗುಜರಿ ಗಾಡಿ ಕಾಣಿಸಿತು. ಮಾವ ಕೈ ಬೀಸಿ ಅದನ್ನು ವಾಪಸು ಕಳಿಸಿದ.

"ಇಷ್ಟು ಅಕ್ಕರತಿಯಿಂದ ತಿಕ್ಕೀರಿ. ಇನ್ನ ಆಕಡಿ ಹಿಡಿ ನಿಮ್ದ. ಪ್ರತಿ ಐತವಾರ ಬರ್ತೀನಿ, ಕಲಿಸ್ತೀನಿ."

"ನಮ್ಮ ಹಿತ್ತಲದಾಗ ಒಣಗಿದ ಜಾಲಿ ಐತಿ ನೋಡಪ್ಪಾ," ಎಂದಳು ದುರುಗಮ್ಮ, ಸಿಟ್ಟು ಮರೆತು.

"ಆತಬೇ. ಮೊದಲು ಇದನ್ನ ಬಿಡಸೋಣ. ಹಿಡೀರಿ ಅಳಿಯಂದ್ರ. ಕೆಳಗ ನೋಡಬ್ಯಾಡ್ರಿ, ಗರಗಸ ವಾಲತೈತಿ. ನನ್ನ ಕಣ್ಣು ನೋಡ್ರಿ."

ತಿಪ್ಪೇಶ ಹಿಡಿ ಹಿಡಿದು, ಚಪ್ಪಲಿಯಿಂದ ದೃಷ್ಟಿ ಕಿತ್ತು, ಮೆಲ್ಲಗೆ ಕತ್ತೆತ್ತಿದ.